ಕಿವಿ ಮೇಸ್ತ್ರಿಯ ತಿರುಪು

ಕಿವಿ ಮೇಸ್ತ್ರಿಯ ಕಿವಿ ಮಂದವಾಗಿದೆ ಅನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಹುಲ್ಲಿಗೆ. ಆಮೇಲೆ ಅವರ ಸೊಸೆಗೆ. ಹೆಂಡತಿಯನ್ನು ಕೇಳಿ ನೋಡಿ, "ಅಯ್ಯೋ, ನನಗೆ ಯಾವತ್ತಿಂದಲೋ ಗೊತ್ತು" ಅನ್ನುತ್ತಾರೆ. ಆದರೆ ಅವರು ಅದನ್ನು ಕಿವಿಯ ತೊಂದರೆ ಅಂತ ಎಣಿಸಿಯೇ ಇರಲಿಲ್ಲ. ಗಂಡಂದಿರೆಲ್ಲ ಹೀಗೇ ಅಂದುಕೊಂಡು ಸುಮ್ಮನಿದ್ದರು.

ಮೇಸ್ತ್ರಿಗೆ ಆ ಹೆಸರು ಬಿಟ್ಟಿ ಬಂದದ್ದಲ್ಲ. ಊರಿನ ಒಂದು ತುದಿಯಲ್ಲಿ, ಇಟ್ಟಿಗೆಯ ಕಾಂಪೌಂಡಿನೊಳಗೆ ಒಂದು ಹಳೇ ಕ್ಲಬ್ಬಿದೆ. ವಯಸ್ಸಾದವರು, ಇನ್ನೇನು ವಯಸ್ಸಾಗಲಿರುವವರು ಅಲ್ಲಿ ಸಂಜೆಹೊತ್ತು ಸೇರಿ ಹುಲ್ಲಿನ ಮೇಲೆ ದೊಡ್ಡ ಚೆಂಡು ಉರುಳಿಸುವ ಆಟ ಆಡುತ್ತಾರೆ. ದೂರದಲ್ಲಿ ಒಂದು ಪುಟ್ಟ ಬಿಳಿ ಚೆಂಡು ಇಟ್ಟಿರುತ್ತಾರೆ. ಯಾರ ಚೆಂಡು ಅದರ ಮಗ್ಗುಲಿಗೆ ಹೋಗಿ ನಿಂತಿತೋ ಅವರದ್ದು ಗೆಲುವು. ಕೇಳೋಕೆ ಮಕ್ಕಳಾಟ. ಆದರೆ ಆ ಚೆಂಡು ಹೇಳಿದ ಮಾತು ಕೇಳಬೇಕಾದರೆ ಕೆಳಗಿನ ಹುಲ್ಲು ಮೇಜಿಗೆ ಹಾಸಿದ ಬಟ್ಟೆಯ ಹಾಗಿರಬೇಕು. ಅಕ್ಕಿಕಾಳನ್ನು ನೆಟ್ಟಗೆ ನಿಲ್ಲಿಸಿದಷ್ಟು ಎತ್ತರ, ಅಷ್ಟೇ. ಮನೆ ಮುಂದಿನ ಹುಲ್ಲು ಹೆರೆಯುವ ಮಷಿನ್ನು ಅಲ್ಲಿಗೆ ಕಾಲಿಡುವಂತಿಲ್ಲ.

ಅದಕ್ಕೆಂದೇ ಇರುವುದು ರೀಲ್ ಮಷಿನ್ನು. ಕ್ಲಬ್ಬಿನ ಶೆಡ್ಡಿನಲ್ಲಿ ಅದನ್ನು ನೋಡಿಕೊಳ್ಳುವುದು ಮೇಸ್ತ್ರಿಯ ಕೆಲಸ. ಹಿಡಿಕೆ ಹಿಡಿದು ಅದರ ಹಿಂದೆ ನಡೆಯಬೇಕು. ಮುಂದೆ ಒಂದು ಉರುಳೆ, ಅದರ ಸುತ್ತ ತಿರುಚಿ ಕೂರಿಸಿದ ಅಲಗುಗಳು. ಕೆಳಗೆ ಅಲುಗಾಡದೆ ಮಲಗಿರುವ ಇನ್ನೊಂದು ಅಲಗು, ಅದು ಅಡಿ ಅಲಗು. ಉರುಳೆ ತಿರುಗಿದಾಗ ಮೇಲಿನ ಅಲಗು ಕೆಳಗಿನದನ್ನು ಸವರಿಕೊಂಡು ಹೋಗುತ್ತದೆ, ನಡುವೆ ಸಿಕ್ಕ ಹುಲ್ಲು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಇಡೀ ವಿದ್ಯೆ ಇರುವುದು ಆ ಸವರುವುದರಲ್ಲಿ. ಸಡಿಲವಾದರೆ ಹುಲ್ಲು ಬಾಗಿ ತಪ್ಪಿಸಿಕೊಳ್ಳುತ್ತದೆ. ಬಿಗಿಯಾದರೆ ಅಲಗಿಗೆ ಅಲಗು ಉಜ್ಜಿ, ಬಿಸಿಯಾಗಿ, ಅಂಚು ಮೊಂಡಾಗಿ, ಹುಲ್ಲನ್ನು ಕತ್ತರಿಸುವ ಬದಲು ಹರಿದುಹಾಕುತ್ತದೆ. ಅಡಿ ಅಲಗಿನ ಎರಡು ತುದಿಗೂ ಒಂದೊಂದು ತಿರುಪು ಇದೆ. ಅದನ್ನು ಒಂದು ಚೂರು ಹೀಗೆ, ಒಂದು ಚೂರು ಹಾಗೆ ತಿರುಗಿಸಿ ಹದ ಹಿಡಿಯಬೇಕು.

ಬೇರೆ ಕಡೆ ಇದಕ್ಕೆ ಕಾಗದ ಹಿಡಿಯುತ್ತಾರೆ. ಎರಡು ಅಲಗಿನ ನಡುವೆ ತೆಳು ಕಾಗದದ ಚೂರು ಕೊಟ್ಟು ಉರುಳೆಯನ್ನು ಕೈಯಲ್ಲಿ ತಿರುಗಿಸಿದಾಗ ಕಾಗದ ನೀಟಾಗಿ ತುಂಡಾದರೆ ಹದ ಸರಿ. ಮೇಸ್ತ್ರಿಗೆ ಕಾಗದ ಕಂಡರೆ ಆಗದು. "ಕಾಗದ ಕಿವಿ ಇಲ್ಲದವರಿಗೆ" ಅಂತ ಮೂಗು ಮುರಿಯುತ್ತಿದ್ದರು. ಅವರು ಉರುಳೆಯನ್ನು ಒಮ್ಮೆ ಬೀಸಿ ತಿರುಗಿಸಿ, ತೋರುಬೆರಳು ಮೇಲೆತ್ತಿ "ಶ್!" ಅನ್ನುತ್ತಿದ್ದರು. ಶೆಡ್ಡಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿಯಬೇಕು. ಕ್ಲಬ್ಬಿನ ಸೆಕ್ರೆಟರಿ ಬಂದು ನಿಂತಿದ್ದರೂ ಅಷ್ಟೆ. ಪಾಪ, ಒಂದು ಸಲ ಅವರು ಸೀನು ತಡೆಯಲು ಹೋಗಿ ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸಿಕೊಂಡಿದ್ದರು. ಉರುಳೆ ನಿಲ್ಲುವ ತನಕ ಮೇಸ್ತ್ರಿ ತಲೆ ವಾಲಿಸಿ ಕೇಳಿ, "ಎಡಕ್ಕೆ ಒಂದೆಳೆ ಜಾಸ್ತಿ" ಅಂದು ತಿರುಪು ಮುಟ್ಟಿದರೆ ಮುಗಿಯಿತು, ಆಮೇಲೆ ಅದನ್ನು ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

ಸೊಸೆಯದು ಬೆಳಗಿನ ಕೆಲಸ. ಮೇಸ್ತ್ರಿಗೆ ಮೊಣಕಾಲು ಕೈಕೊಟ್ಟ ಮೇಲೆ ಮಷಿನ್ನಿನ ಹಿಂದೆ ನಡೆಯುವುದು ಅವಳ ಪಾಲಿಗೆ ಬಂದಿತ್ತು. ಮಗನಿಗೆ, ಅಂದರೆ ಅವಳ ಗಂಡನಿಗೆ, ಬಸ್ಸಿನ ಸ್ಟೀರಿಂಗ್ ಬಿಟ್ಟರೆ ಬೇರೆ ಯಾವುದರ ಮೇಲೂ ಪ್ರೀತಿ ಇರಲಿಲ್ಲ. ಅವಳಿಗೋ ಈ ಕೆಲಸ ಮೊದಲ ವಾರವೇ ಹಿಡಿಸಿಬಿಟ್ಟಿತು. ಸೂರ್ಯ ಕಾಂಪೌಂಡು ದಾಟುವ ಮೊದಲೇ ಹೋಗಿ, ಉದ್ದನೆಯ ಬೆತ್ತದಿಂದ ಹುಲ್ಲಿನ ಮೇಲಿನ ಇಬ್ಬನಿ ಬಡಿದು, ಮಷಿನ್ನು ಚಾಲೂ ಮಾಡಿ ಹೊರಟರೆ, ಹೋದ ದಾರಿ ಒಂದು ಬಣ್ಣ, ಬಂದ ದಾರಿ ಇನ್ನೊಂದು ಬಣ್ಣ. ಗೆರೆ ಒಂದಿಷ್ಟು ಸೊಟ್ಟಗಾದರೂ ಅವಳಿಗೆ ಇಡೀ ದಿನ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆದರೆ ತಿರುಪಿಗೆ ಮಾತ್ರ ಅವಳು ಕೈ ಹಚ್ಚುವಂತಿರಲಿಲ್ಲ. "ನೀನು ನಡಿ, ನಾನು ಕೇಳ್ತೀನಿ" ಅಂತ ಮಾವ ಮೊದಲ ದಿನವೇ ಹೇಳಿಬಿಟ್ಟಿದ್ದರು. ಅವಳಿಗೂ ಅದರಲ್ಲಿ ಬೇಜಾರೇನೂ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕತ್ತರಿಸಿದ ಹುಲ್ಲು ಬೀಳುವ ಮಷಿನ್ನಿನ ಡಬ್ಬಿ ಬಿಚ್ಚಿ ನೋಡಿದರೆ, ಟೀಪುಡಿಯಷ್ಟು ಸಣ್ಣಗೆ ಬೀಳಬೇಕಾದ ಹುಲ್ಲು ಜುಂಜುಜುಂಜಾಗಿ ಬಿದ್ದಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಹುಲ್ಲುಹಾಸಿನ ಮೇಲೆ ಒಂದು ಥರ ಬಿಳಿಚು ಬಣ್ಣ. ಅವಳು ಮಂಡಿಯೂರಿ ಕೂತು ನೋಡಿದಳು. ಒಂದೊಂದು ಹುಲ್ಲಿನ ತುದಿಯೂ ಹರಿದು ನಾರು ಬಿಟ್ಟುಕೊಂಡಿತ್ತು. "ಕಲ್ಲು ಗಿಲ್ಲು ಸಿಕ್ಕಿತಾ ಹೇಗೆ" ಅಂದುಕೊಂಡು ಸುಮ್ಮನಾದಳು. ಮಾರನೇ ದಿನವೂ ಅದೇ ಕಥೆ. ಮಷಿನ್ನು ಬೇರೆ ಮುಂದಕ್ಕೆ ಹೋಗಲಾರೆ ಅಂತ ಮೊಂಡು ಹಿಡಿಯುತ್ತಿತ್ತು. ನಿಲ್ಲಿಸಿ ಅಡಿ ಅಲಗಿನ ಹತ್ತಿರ ಕೈಯಿಟ್ಟವಳು ಚುರ್ರೆಂದು ಕೈ ಹಿಂದಕ್ಕೆಳೆದುಕೊಂಡಳು.

ಅಲ್ಲೇ ಬಿದ್ದಿದ್ದ ಹಳೇ ನ್ಯೂಸ್ ಪೇಪರಿನ ಅಂಚು ಹರಿದು ಅಲಗಿನ ನಡುವೆ ಕೊಟ್ಟು ನೋಡಿದಳು. ಉರುಳೆ ಕೈಯಲ್ಲಿ ಸಲೀಸಾಗಿ ತಿರುಗಲೇ ಒಲ್ಲದು. ಅಷ್ಟು ಬಿಗಿ! "ಮಾವ ಹೀಗೆ ಮಾಡೋದೇ? ಸಾಧ್ಯವೇ ಇಲ್ಲ" ಅಂತ ಅವಳಿಗೆ ತಲೆ ಕೆಟ್ಟುಹೋಯಿತು.

ಅವತ್ತು ಸಂಜೆ ನೀರಿನ ಪೈಪು ಸುತ್ತುವ ನೆಪ ಹೂಡಿ ಶೆಡ್ಡಿನ ಬಾಗಿಲಲ್ಲೇ ನಿಂತಳು. ಮಾವ ತಿರುಪು ಪೂರ್ತಿ ಸಡಿಲಿಸಿ, ಎಣ್ಣೆ ಬಿಟ್ಟು, ಒರೆಸಿ, ಹೊಸದಾಗಿ ಬಿಗಿ ಮಾಡುತ್ತಾ ಬಂದರು. ಒಂದು ಹಂತದಲ್ಲಿ ಉರುಳೆ ಬೀಸಿ, ಬೆರಳೆತ್ತಿ, "ಶ್!" ಅಂದರು. ಉರುಳೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಅವಳಿಗೇ ಕೇಳಿಸಿತು, ಸಣ್ಣಗೆ, ಸರಾಗವಾಗಿ, ಎಷ್ಟು ಬೇಕೋ ಅಷ್ಟೇ. ಆಹಾ, ಕೂತಿತು ಹದ ಅಂದುಕೊಂಡಳು. ಮಾವನ ಮುಖದಲ್ಲಿ ಮಾತ್ರ ಏನೂ ಇಲ್ಲ. ಹುಬ್ಬು ಗಂಟಿಕ್ಕಿ ತಿರುಪು ಇನ್ನಷ್ಟು ತಿರುಗಿಸಿದರು. ಮತ್ತೆ ಬೀಸಿದರು. ಇನ್ನಷ್ಟು ತಿರುಗಿಸಿದರು. ಕೊನೆಗೆ ಬೀಸಿದಾಗ ಕಬ್ಬಿಣಕ್ಕೆ ಕಬ್ಬಿಣ ಕೆರೆದು ಅವಳ ಹಲ್ಲು ಜುಂ ಅಂದವು, ತಗಡಿನ ಮೇಲಿದ್ದ ಗುಬ್ಬಿಗಳು ಎದ್ದು ಹೋದವು. ಆಗ ಮಾವನ ಮುಖ ಅರಳಿತು.

"ಹಾಂ! ಈಗ ಬಂತು ನೋಡು!" ಅಂದರು.

ಅವಳಿಗೆ ಎಲ್ಲ ಅರ್ಥವಾಗಿಹೋಯಿತು. ಮಾವ ತಮಗೆ ಕೇಳಿಸುವ ತನಕ ಬಿಗಿ ಮಾಡುತ್ತಿದ್ದಾರೆ. ಪೈಪು ಅಲ್ಲೇ ಬಿಟ್ಟು ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಅಳು ಬಂದಿತ್ತು, ಸುಳ್ಳೇಕೆ ಹೇಳಬೇಕು.

ಮನೆಯ ವಿಷಯಗಳೂ ಒಂದೊಂದಾಗಿ ನೆನಪಾದವು. ಟಿವಿಯ ಸೌಂಡು ಎಷ್ಟು ಏರಿತ್ತೆಂದರೆ ಪಕ್ಕದ ಮನೆಯವರು ತಮ್ಮ ಟಿವಿ ಆರಿಸಿ ಇವರದ್ದರಲ್ಲೇ ಸುದ್ದಿ ಕೇಳುತ್ತಿದ್ದರು. ಏನು ಕೇಳಿದರೂ ಮಾವ "ಹೂಂ, ಹೂಂ" ಅನ್ನುತ್ತಿದ್ದರು. ಟೀ ಬೇಕಾ ಅಂದರೂ ಹೂಂ, ಟೀ ಬೇಡವಾ ಅಂದರೂ ಹೂಂ.

ಹೇಳುವುದಾದರೂ ಹೇಗೆ? ಇಡೀ ಕ್ಲಬ್ಬು "ಕಿವಿ ಮೇಸ್ತ್ರಿ, ಕಿವಿ ಮೇಸ್ತ್ರಿ" ಅಂತ ಕರೆಯುವಾಗ, ಮಾವ, ನಿಮ್ಮ ಕಿವಿ ಹೋಗಿದೆ ಅನ್ನುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಆ ಶೆಡ್ಡು, ಆ ಹಳೇ ಮಷಿನ್ನು, ಗ್ರೀಸು ಹಿಡಿದ ಆ ಕಟ್ಟಿಗೆಯ ಬೆಂಚು, ಇಷ್ಟೇ ಅವರ ಲೋಕ. ಅಲ್ಲಿಂದ ಎಬ್ಬಿಸಿ ಮನೆಯಲ್ಲಿ ಕೂರಿಸಿದರೆ ಮಾವ ಮಾವನಾಗಿ ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಹಾಗಾಗಿ ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಹುಲ್ಲು ಹೊಡೆಯುವ ಮೊದಲು ಮನೆಗೆ ಬರುವ ಪೇಪರಿನ ಅಂಚು ಹರಿದು, ಎರಡೂ ತಿರುಪು ಸಡಿಲಿಸಿ, ಕಾಗದ ನೀಟಾಗಿ ತುಂಡಾಗುವ ಹದಕ್ಕೆ ತಂದಿಟ್ಟು ಹೊರಟಳು. ಯಾರಿಗೂ ಗೊತ್ತಾಗದು, ಯಾರ ಮನಸ್ಸೂ ನೋಯದು. ತಾನೆಷ್ಟು ಜಾಣೆ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಹುಲ್ಲೇನೋ ಒಂದೇ ವಾರದಲ್ಲಿ ಚೇತರಿಸಿಕೊಂಡಿತು. ಬಿಳಿಚು ಹೋಗಿ ಹಸಿರು ಬಂತು, ಚೆಂಡುಗಳು ಮಾತು ಕೇಳತೊಡಗಿದವು. ಸೆಕ್ರೆಟರಿ ಹೊಗಳಿದ್ದೂ ಆಯಿತು. ಈ ಸೆಕ್ರೆಟರಿ ಅಂದರೆ ರಿಟೈರಾದ ಹಲ್ಲಿನ ಡಾಕ್ಟರು, ಒಳ್ಳೇ ಮನುಷ್ಯ, ಆದರೆ ಯಾರನ್ನು ಮಾತಾಡಿಸುವಾಗಲೂ ಮೊದಲು ಅವರ ಬಾಯಿ ನೋಡುತ್ತಿದ್ದರು, ಕಣ್ಣು ಆಮೇಲೆ.

ಆದರೆ ಮೇಸ್ತ್ರಿ ಬಾಡುತ್ತಾ ಬಂದರು. ಅವರ ಕಡೆಯಿಂದ ಯೋಚಿಸಿ ನೋಡಿ. ಸಂಜೆ ಬಿಗಿ ಮಾಡಿ ಹೋಗುತ್ತಾರೆ, ಮಾರನೇ ಸಂಜೆ ಬಂದು ಬೀಸಿದರೆ ಸದ್ದೇ ಇಲ್ಲ, ತಿರುಪು ಸಡಿಲ. ಮತ್ತೆ ಬಿಗಿ ಮಾಡುತ್ತಾರೆ, ಮತ್ತೆ ಸಡಿಲ. ತಿರುಪಿನ ಹಲ್ಲು ಸವೆದಿದೆ ಅಂದುಕೊಂಡು ಹೊಸ ತಿರುಪು ಹಾಕಿದರು. ಸ್ಪ್ರಿಂಗ್ ಸತ್ತಿದೆ ಅಂದುಕೊಂಡು ಸ್ಪ್ರಿಂಗ್ ಬದಲಾಯಿಸಿದರು. ಇಡೀ ಮಷಿನ್ನು ಬಿಚ್ಚಿ ಬೆಂಚಿನ ಮೇಲೆ ಹರವಿ, ಒಂದೊಂದು ಬೇರಿಂಗನ್ನೂ ಬೆಳಕಿಗೆ ಹಿಡಿದು ನೋಡಿ, ಮತ್ತೆ ಜೋಡಿಸಿದರು. ಏನು ಮಾಡಿದರೂ ಅದೇ. ಊಟಕ್ಕೆ ಕೂತರೂ ಅವರ ಬೆರಳು ತಟ್ಟೆಯ ಅಂಚಿನಲ್ಲಿ ತಿರುಪು ತಿರುಗಿಸುತ್ತಿತ್ತು. ಒಂದು ಬೆಳಿಗ್ಗೆ ಪೇಪರು ಕೈಗೆತ್ತಿಕೊಂಡವರು, "ಇದರ ಅಂಚು ಯಾರು ತಿಂತಾ ಇದ್ದಾರೆ? ಮನೇಲಿ ಇಲಿ ಸೇರ್ಕೊಂಡಿದೆಯಾ?" ಅಂದರು. ಸೊಸೆ ಸ್ಟವ್ವಿನ ಕಡೆ ತಿರುಗಿ ಹಾಲು ಉಕ್ಕದಿದ್ದರೂ ಊದತೊಡಗಿದಳು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮೇಸ್ತ್ರಿ ತಟ್ಟೆ ಪಕ್ಕಕ್ಕೆ ಸರಿಸಿದರು.

"ಮುಗೀತು ಅದರ ಕಥೆ" ಅಂದರು.

"ಯಾರ ಕಥೆ?" ಅಂತ ಅತ್ತೆ ಗಾಬರಿಯಾದರು.

"ಮಷಿನ್ನು. ಹಿಡಿತ ನಿಲ್ತಾನೇ ಇಲ್ಲ. ಸೆಕ್ರೆಟರಿಗೆ ಹೇಳಿ ಬಂದಿದ್ದೀನಿ. ನಾಳೆ ಗುಜರಿಯವನ ವ್ಯಾನ್ ಬರುತ್ತೆ. ಇನ್ಮೇಲೆ ಬೇರೆ ಕ್ಲಬ್ಬಿನವರು ಅವರ ಮಷಿನ್ ತಂದು ಹೊಡ್ಕೊಂಡು ಹೋಗ್ತಾರಂತೆ. ನಾನೂ ಮನೇಲೇ ಇರ್ತೀನಿ. ಅದು ಹೋದ ಮೇಲೆ ನನಗೇನು ಕೆಲಸ ಅಲ್ಲಿ?"

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ಮಾವ ಮನೆಯಲ್ಲಿ ಕೂರಬಾರದು ಅಂತಲೇ ಇಷ್ಟೆಲ್ಲ ಮಾಡಿದ್ದು. ಈಗ ತನ್ನ ಕೈಯಿಂದಲೇ ಅವರನ್ನು ಕೂರಿಸಿದ ಹಾಗಾಯಿತಲ್ಲ! ಪಾತ್ರೆ ತೊಳೆಯುವಾಗ ಅತ್ತೆಯ ಹತ್ತಿರ ಎಲ್ಲ ಹೇಳಿಕೊಂಡಳು. ಅತ್ತೆ ಕೇಳಿ, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ಅಯ್ಯೋ ಹುಚ್ಚಿ, ಅಂದ್ರೆ ಇಷ್ಟು ದಿನ ಅವರಿಗೆ ನಿಜವಾಗ್ಲೂ ಕೇಳಿಸ್ತಿರಲಿಲ್ಲವಾ? ನಾನು ಸುಮ್ಮನೆ ಬೈಕೋತಾ ಇದ್ದೆನಲ್ಲೇ!"

"ಈಗ ಏನ್ಮಾಡ್ಲಿ ಅತ್ತೆ?"

"ಹೇಳಿಬಿಡು. ನಾನು ಹೇಳಿದ್ರೆ ಜಗಳ ಅಂದ್ಕೋತಾರೆ. ನೀನು ಹೇಳು. ಬೈದ್ರೆ ಬೈಸ್ಕೋ."

ಮಾರನೇ ಬೆಳಿಗ್ಗೆ ಮೇಸ್ತ್ರಿ ಅವಳಿಗಿಂತ ಮೊದಲೇ ಶೆಡ್ಡಿನಲ್ಲಿದ್ದರು. ಗುಜರಿಗೆ ಕಳಿಸುವ ಮಷಿನ್ನಿಗೆ ಯಾರಾದರೂ ಎಣ್ಣೆ ಹಾಕಿ ಒರೆಸುತ್ತಾರಾ? ಅವರು ಒರೆಸುತ್ತಿದ್ದರು. ಹಿಡಿಕೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಬಟ್ಟೆಯ ತುದಿ ಸುತ್ತಿ ಸುತ್ತಿ ಒರೆಸುತ್ತಿದ್ದರು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ತಿರುಪು ಸಡಿಲಿಸಿ ಹದಕ್ಕೆ ತಂದಳು. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಅವಳು ಉರುಳೆ ಬೀಸಿದಳು.

"ಏನಾದ್ರೂ ಕೇಳಿಸ್ತಾ ಮಾವ?"

"ಆಂ?"

"ಏನಾದ್ರೂ ಕೇಳಿಸ್ತಾ?" ಅಂತ ಕೂಗಿದಳು.

"ಇಲ್ಲ. ಅದನ್ನೇ ನಾನು ಹೇಳ್ತಿರೋದು. ತಾಗ್ತಾನೇ ಇಲ್ಲ ಅದು."

ಅವಳು ಸೆರಗಿನ ಗಂಟಿನಿಂದ ಪೇಪರಿನ ಅಂಚು ತೆಗೆದು ಅಲಗಿನ ನಡುವೆ ಹಿಡಿದು, ಉರುಳೆಯನ್ನು ಮೆಲ್ಲಗೆ ತಿರುಗಿಸಿದಳು. ಕಾಗದ ತುಂಡಾಗಿ ನೆಲಕ್ಕೆ ಬಿತ್ತು. ಎಡ ತುದಿಯಲ್ಲಿ ಹಿಡಿದಳು, ತುಂಡಾಯಿತು. ನಡುವೆ, ಬಲ ತುದಿಯಲ್ಲಿ, ಎಲ್ಲ ಕಡೆಯೂ ತುಂಡಾಯಿತು. ಮೇಸ್ತ್ರಿ ಬಗ್ಗಿ ಒಂದು ಚೂರು ಎತ್ತಿಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ನೀಟಾದ ಅಂಚು. ತಾಗದ ಅಲಗು ಕಾಗದ ಕತ್ತರಿಸುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಷಿನ್ನು ಚೆನ್ನಾಗಿದೆ ಮಾವ" ಅಂದಳು ಅವಳು. ಕೂಗಿಯೇ ಹೇಳಬೇಕಾಗಿತ್ತು, ಏನು ಮಾಡುವುದು. "ನಿಮ್ಮ ಕಿವಿ ಸ್ವಲ್ಪ ಮಂದ ಆಗಿದೆ. ದಿನಾ ಬೆಳಿಗ್ಗೆ ಸಡಿಲ ಮಾಡ್ತಿದ್ದದ್ದು ನಾನೇ!"

ಕಿವಿ ಕೇಳಿಸದವರಿಗೆ ಗುಟ್ಟು ಹೇಳಿದರೆ ಅದು ಎಷ್ಟು ಹೊತ್ತು ಗುಟ್ಟಾಗಿರುತ್ತದೆ? ವ್ಯಾನಿನವನನ್ನು ಕಾಯುತ್ತಾ ಹೊರಗೆ ನಿಂತಿದ್ದ ಸೆಕ್ರೆಟರಿಗೆ ಒಂದಕ್ಷರ ಬಿಡದೆ ಕೇಳಿಸಿತು.

ಮೇಸ್ತ್ರಿಯ ಮುಖ ಕೆಂಪಾಯಿತು. "ನನ್ನ ತಿರುಪು ಮುಟ್ಟಿದೆಯಾ ನೀನು?"

"ತಪ್ಪಾಯ್ತು ಮಾವ."

"ನಾನು ನಿದ್ದೆಗೆಟ್ಟು ಸ್ಪ್ರಿಂಗು, ಬೇರಿಂಗು ಅಂತ ಸಾಯ್ತಿದ್ದೆ! ಒಳ್ಳೇ ಮಷಿನ್ನನ್ನ ಗುಜರಿಗೆ ಹಾಕೋಕೆ ಹೊರಟಿದ್ದೆನಲ್ಲೇ! ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ನೀವು ಮನೇಲಿ ಕೂತ್ಬಿಡ್ತೀರಿ ಅಂತ ಭಯ ಆಯ್ತು" ಅಂದಳು. ಅಷ್ಟರಲ್ಲಿ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮೂಗು ಸೋರುತ್ತಿತ್ತು, ಗ್ರೀಸಿನ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪಾಗಿತ್ತು.

ಮೇಸ್ತ್ರಿ ಎದ್ದು ಹೊರಗೆ ಹೋದರು. ಹೋಗಿ ಹುಲ್ಲುಹಾಸಿನ ಅಂಚಿನ ಬೆಂಚಿನ ಮೇಲೆ ಶೆಡ್ಡಿಗೆ ಬೆನ್ನು ಹಾಕಿ ಕೂತರು. ವ್ಯಾನು ಬಂತು. ಸೆಕ್ರೆಟರಿ ಗೇಟಿಗೆ ಹೋಗಿ ಡ್ರೈವರನ ಜೊತೆ ಏನೋ ಮಾತಾಡಿದರು, ವ್ಯಾನು ಖಾಲಿಯಾಗಿಯೇ ವಾಪಸ್ಸು ಹೋಯಿತು. ಅದರ ಸದ್ದಿಗೂ ಮೇಸ್ತ್ರಿ ತಿರುಗಲಿಲ್ಲ. ಕೇಳಿಸಿತೋ ಇಲ್ಲವೋ, ಯಾರು ಬಲ್ಲರು.

ಸೊಸೆ ಮುಖ ತೊಳೆದುಕೊಂಡು ಟೀ ತಗೊಂಡು ಹೋಗುವಷ್ಟರಲ್ಲಿ ಸೆಕ್ರೆಟರಿ ಮೇಸ್ತ್ರಿಯ ಪಕ್ಕ ಕೂತು ಗಟ್ಟಿಯಾಗಿ ಮಾತಾಡುತ್ತಿದ್ದರು. ಹಲ್ಲು ಕೊರೆಯುವ ಮಷಿನ್ನಿನ ಸದ್ದಿನ ನಡುವೆ ಪೇಷೆಂಟುಗಳ ಜೊತೆ ಮಾತಾಡಿ ಅಭ್ಯಾಸವಾದ ಗಂಟಲು ಅದು, ಮೇಸ್ತ್ರಿಗೆ ಸರಿಯಾಗಿ ಹೊಂದುತ್ತಿತ್ತು.

"ನಾನು ಹಲ್ಲು ತುಂಬಿಸಿದ ಮೇಲೆ ಏನು ಮಾಡ್ತಿದ್ದೆ ಹೇಳಿ ಮೇಸ್ತ್ರಿ? ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಬಣ್ಣದ ಕಾಗದ ಇಟ್ಟು, ಕಚ್ಚಿ ಅಂತಿದ್ದೆ. ಎಲ್ಲಿ ಜಾಸ್ತಿ ತಾಗುತ್ತೋ ಅಲ್ಲಿ ಗುರುತು ಬೀಳ್ತಿತ್ತು. ಕಣ್ಣು ಚೆನ್ನಾಗಿದ್ದಾಗ್ಲೂ ಕಾಗದ, ಕನ್ನಡಕ ಬಂದ ಮೇಲೂ ಕಾಗದ. ಅದಕ್ಕೆ ಯಾರೂ ನನ್ನನ್ನ ಕಣ್ಣಿಲ್ಲದ ಡಾಕ್ಟ್ರು ಅನ್ನಲಿಲ್ಲ."

ಮೇಸ್ತ್ರಿ ಎಡದವಡೆ ಸವರಿಕೊಂಡರು.

"ನನ್ನ ಹಲ್ಲು ತುಂಬಿಸಿದ್ದು ನೀವೇ" ಅಂದರು ಆಮೇಲೆ. "ಎಷ್ಟು ತಿಂಗಳು ಎಡಗಡೆ ಅಗಿಯೋಕೇ ಆಗ್ಲಿಲ್ಲ."

"ಅವತ್ತು ಕಾಗದ ಖಾಲಿಯಾಗಿತ್ತು!" ಅಂದರು ಡಾಕ್ಟರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಗೆ ನಗಬಾರದು ಅಂತ ಇತ್ತು. ಆದರೆ ಮೀಸೆ ಮಾತು ಕೇಳಲಿಲ್ಲ. ಟೀ ಲೋಟ ಹಿಡಿದು ನಿಂತಿದ್ದ ಸೊಸೆಯನ್ನು ನೋಡಿ ಮತ್ತೆ ಮುಖ ಊದಿಸಿಕೊಂಡರು, ಲೋಟ ಮಾತ್ರ ತೆಗೆದುಕೊಂಡರು.

ಟೀ ಮುಗಿಸಿ ಹುಲ್ಲಿನ ಮೇಲೆ ಬಗ್ಗಿ ಒಂದು ಎಳೆ ಕಿತ್ತು ಅದರ ತುದಿ ನೋಡಿದರು. ಹರಿದಿರಲಿಲ್ಲ. ಇನ್ನೊಂದು ಕಿತ್ತು ನೋಡಿದರು. ಅದೂ ಸರಿಯಾಗಿಯೇ ತುಂಡಾಗಿತ್ತು. ಇಷ್ಟು ದಿನ ಸೊಸೆ ಹಿಡಿದ ಹದದಲ್ಲೇ ಆಟ ನಡೆದಿದೆ ಅನ್ನುವುದು ಅವರ ತಲೆಗೆ ಇಳಿಯಲು ಅಷ್ಟು ಹೊತ್ತು ಹಿಡಿಯಿತು.

"ಪೇಪರಿನ ಅಂಚು ತಿಂದ ಇಲಿ ನೀನೇ ಅಂದ ಹಾಗಾಯ್ತು" ಅಂದರು.

ಅವಳು ತಲೆ ತಗ್ಗಿಸಿದಳು.

"ಆದ್ರೂ ಬಲಕ್ಕೆ ಒಂದೆಳೆ ಸಡಿಲ ಇತ್ತು ನಿಂದು. ಹುಲ್ಲು ನೋಡಿದ್ರೇ ಗೊತ್ತಾಗುತ್ತೆ. ಬಾ."

ಶೆಡ್ಡಿಗೆ ಹೋದವರು ಮೊದಲು ಅಲಗುಗಳ ಅಂಚು ಬೆರಳಲ್ಲಿ ಮುಟ್ಟಿ ನೋಡಿ, ತಾವೇ ಬಿಗಿ ಮಾಡಿ ಅಷ್ಟಿಷ್ಟು ಮೊಂಡು ಮಾಡಿದ್ದಕ್ಕೆ ತಮ್ಮನ್ನೇ ಬೈದುಕೊಂಡರು. ಮಸೆಯುವ ಪೇಸ್ಟನ್ನು ಬ್ರಷ್ಷಿನಲ್ಲಿ ಬಳಿದರು. ಉರುಳೆಯನ್ನು ಉಲ್ಟಾ ತಿರುಗಿಸಲು ಅವಳನ್ನು ಕೂರಿಸಿದರು. ಅಂಚು ಹೊಳಪು ಬರುವ ತನಕ ಇಬ್ಬರೂ ಮಸೆದರು. ಇದಕ್ಕೆ ಕಿವಿ ಬೇಕಾಗಿರಲಿಲ್ಲ, ಕೈ ಸಾಕಿತ್ತು, ಅವರ ಕೈ ಎಂದಿನ ಹಾಗೆಯೇ ಇತ್ತು. ತೊಳೆದು ಒರೆಸಿ ಆದ ಮೇಲೆ ಮೇಸ್ತ್ರಿ ಸ್ಪಾನರ್ ಹಿಡಿದು ತಿರುಪಿನ ಮುಂದೆ ಕೂತರು. ಉರುಳೆ ಬೀಸಿದರು. ಅಭ್ಯಾಸಬಲದಿಂದ ಬೆರಳು ಮೇಲೆ ಹೋಯಿತು. ಅರ್ಧಕ್ಕೆ ಹೋದದ್ದು ಹಾಗೆಯೇ ಕೆಳಗಿಳಿಯಿತು.

ಅವಳು ಪೇಪರಿನ ಅಂಚು ಮುಂದೆ ಹಿಡಿದಳು.

"ಅದನ್ನ ಆಮೇಲೆ ಕೊಡು" ಅಂದರು ಮೇಸ್ತ್ರಿ. "ಅಲಗು ಕತ್ತರಿಸ್ತಿದೆಯಾ ಇಲ್ವಾ ಅಂತ ಮಾತ್ರ ಕಾಗದ ಹೇಳುತ್ತೆ. ಎಷ್ಟು ಸುಖವಾಗಿ ಕತ್ತರಿಸ್ತಾ ಇದೆ ಅಂತ ಹೇಳೋಲ್ಲ. ನೀನು ಕೇಳು. ಕೇಳಿ ನನಗೆ ಹೇಳು."

"ನಾನಾ? ನನಗೇನು ಗೊತ್ತು ಮಾವ?"

"ದಿನಾ ಅದರ ಹಿಂದೆ ನಡೀತೀಯಲ್ಲ, ಗೊತ್ತಿಲ್ದೆ ಏನು? ಬೀಸ್ತೀನಿ, ಕೇಳು."

ಬೀಸಿದರು. ಅವಳು ಕೇಳಿದಳು. ಏನು ಹೇಳುವುದು? ಸದ್ದನ್ನು ಮಾತಲ್ಲಿ ಹೇಳಿ ಅವಳಿಗೆ ಗೊತ್ತೇ ಇರಲಿಲ್ಲ. "ಒಂಥರಾ... ಅತ್ತೆ ಸಿಟ್ಟಲ್ಲಿ ಅಂಗಳ ಗುಡಿಸ್ತಾರಲ್ಲ, ಹಾಗೆ" ಅಂದಳು.

"ಹಾಗಾದ್ರೆ ಬಿಗಿ ಜಾಸ್ತಿ." ಸ್ಪಾನರ್ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಹೋಯಿತು. "ಈಗ?"

"ಈಗ ಸಿಟ್ಟಿಲ್ಲ. ಎಡಗಡೆ ಗುಡಿಸ್ತಿದ್ದಾರೆ, ಬಲಗಡೆ ಸುಮ್ನೆ ನಿಂತಿದ್ದಾರೆ."

ಮೇಸ್ತ್ರಿಯ ಮೀಸೆ ಮತ್ತೆ ಅಲುಗಿತು. ಬಲದ ತಿರುಪು ಮುಟ್ಟಿದರು. "ಈಗ?"

"ಈಗ..." ಅವಳು ಕಣ್ಣು ಮುಚ್ಚಿದಳು. "ಈಗ ಅತ್ತೆ ಬೆಳಗಿನ ಜಾವ, ಯಾರೂ ಏಳ್ಬಾರದು ಅಂತ, ಮೆಲ್ಲಗೆ ಗುಡಿಸ್ತಿದ್ದಾರೆ. ಈ ತುದಿಯಿಂದ ಆ ತುದಿಗೆ."

"ಅದೇ!" ಅಂತ ಮೇಸ್ತ್ರಿ ತೊಡೆ ತಟ್ಟಿದರು. "ಅದೇ ಕಣೇ ಅದು! ಈಗ ಕೊಡು ನಿನ್ನ ಕಾಗದ." ಕಾಗದ ಎಲ್ಲ ಕಡೆಯೂ ಒಂದೇ ಸಮನೆ ತುಂಡಾಯಿತು.

ಆಮೇಲಿನದು ಅತ್ತೆಯ ಕೆಲಸ. ಅವರು ಗಂಡನನ್ನು ಎಳೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿ, ಕಿವಿಯ ಹಿಂದೆ ಸಿಕ್ಕಿಸುವ ಮಷಿನ್ನು ಹಾಕಿಸಿಕೊಂಡೇ ಬಂದರು. ಮೊದಲ ದಿನ ಮೇಸ್ತ್ರಿ ಮನೆಯೆಲ್ಲ ಓಡಾಡಿ, ಫ್ರಿಜ್ಜು ಇಷ್ಟು ಕೂಗುತ್ತಾ, ಗಡಿಯಾರಕ್ಕೂ ಸದ್ದಿದೆಯಾ ಅಂತ ಬೆರಗಾದರು. ಟಿವಿಯ ಸೌಂಡು ಇಳಿಸಿದ್ದಕ್ಕೆ ಪಕ್ಕದ ಮನೆಯವರು ಬಂದು ಆರೋಗ್ಯ ವಿಚಾರಿಸಿಕೊಂಡು ಹೋದರು. ಅತ್ತೆ ಮಾತ್ರ ಮಾತು ತೂಗಿ ಆಡುವಂತಾಯಿತು, ಅದೊಂದು ಅವರಿಗೆ ಕಷ್ಟ.

ಸಂಜೆ ಮೇಸ್ತ್ರಿ ಅದನ್ನು ಹಾಕಿಕೊಂಡೇ ಶೆಡ್ಡಿಗೆ ಬಂದರು. ಸೊಸೆ ಮಷಿನ್ನು ಒರೆಸಿಟ್ಟು ಪೇಪರಿನ ಅಂಚು ಹರಿಯುತ್ತಿದ್ದಳು. ಅವರನ್ನು ನೋಡಿ ಅವಳಿಗೆ ಸಂತೋಷವಾಯಿತು, ಅದರ ಜೊತೆಗೇ ಸಣ್ಣದೊಂದು ಬೇಜಾರೂ ಆಯಿತು. ಇನ್ನು ಮಾವನಿಗೆ ತನ್ನ ಕಿವಿ ಬೇಕಾಗುವುದಿಲ್ಲ. ಸ್ಪಾನರ್ ಅವರ ಕೈಗೆ ಕೊಟ್ಟು, ಮೊದಲಿನ ಹಾಗೆ ಬಾಗಿಲ ಹತ್ತಿರ ಹೋಗಿ ನಿಂತಳು.

ಮೇಸ್ತ್ರಿ ಉರುಳೆ ಬೀಸಿದರು, ತಲೆ ವಾಲಿಸಿ ಪೂರ್ತಿ ಕೇಳಿದರು. ಮುಖದಲ್ಲಿ ನಗು ಮೂಡಿತು. ಕೇಳಿಸಿತ್ತು. ಇನ್ನೊಮ್ಮೆ ಬೀಸಿ ಇನ್ನೊಮ್ಮೆ ಕೇಳಿದರು. ಆಮೇಲೆ ಕಿವಿಯ ಹಿಂದಿನಿಂದ ಅದನ್ನು ತೆಗೆದು, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

"ಯಾಕೆ ಮಾವ? ಸರಿ ಇಲ್ವಾ?" ಅಂತ ಅವಳು ಕೂಗಿದಳು.

"ಚೆನ್ನಾಗೇ ಇದೆ. ಆದ್ರೆ ಅದು ಬರೀ ಸದ್ದು ಕೇಳಿಸುತ್ತೆ ಕಣಮ್ಮ, ನಿನ್ನ ಹಾಗೆ ಬಿಡಿಸಿ ಹೇಳೋಕೆ ಬರೋಲ್ಲ ಅದಕ್ಕೆ. ಅತ್ತೆಗೆ ಹೇಳ್ಬೇಡ." ಕಾಲಲ್ಲಿ ಸ್ಟೂಲೊಂದನ್ನು ತಮ್ಮ ಪಕ್ಕಕ್ಕೆ ಎಳೆದರು. "ಬಾಗಿಲಲ್ಲಿ ಯಾಕೆ ನಿಂತಿದ್ದೀಯ? ಬಾ ಇಲ್ಲಿ, ಕೂತ್ಕೋ. ಬಲಗಡೆ ಹೇಗಿದೆ ಇವತ್ತು? ನಿನ್ನೆ ಅತ್ತೆ ಆ ಮೂಲೆ ಸರಿಯಾಗಿ ಗುಡಿಸಿರಲಿಲ್ಲ ಅಂತ ನನಗೆ ಅನುಮಾನ, ಆಟ ಆಡೋರೂ ಏನೋ ಗೊಣಗ್ತಾ ಇದ್ರು..."

ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಉರುಳೆಯನ್ನು ತಾನೇ ಬೀಸಿದಳು. ಮೇಸ್ತ್ರಿಯ ಮಾತು ಇನ್ನೂ ಮುಗಿದಿರಲಿಲ್ಲ.

ಅವಳು ತೋರುಬೆರಳು ಮೇಲೆತ್ತಿ, "ಶ್!" ಅಂದಳು.

ಕಿವಿ ಮೇಸ್ತ್ರಿ ತಟ್ಟನೆ ಬಾಯಿ ಮುಚ್ಚಿ, ಸ್ಪಾನರ್ ಹಿಡಿದು, ಅವಳ ಮುಖವನ್ನೇ ನೋಡುತ್ತಾ ಕಾದರು.